ಅರಸನಿಗೆ ಎಲ್ಲಿಯವರೆಗೆ ವಿಧೇಯತೆ?

ಪ್ರಜೆ ಅರಸನಿಗೆ ಎಲ್ಲಿಯವರೆಗೆ ವಿಧೇಯನಾಗಿರಬೇಕು ಎಂಬುದು 18ನೆಯ ಶತಮಾನದ ಬ್ರಿಟಿಷ್ ಅಮೆರಿಕದಲ್ಲಿ ರಾಜಕೀಯದ ಪ್ರಶ್ನೆಯಾಗುವುದಕ್ಕೆ ಮೊದಲೇ ಧರ್ಮದ ಪ್ರಶ್ನೆಯಾಗಿತ್ತು. ಅಧಿಕಾರವೆಲ್ಲ ದೇವರಿಂದ ಬಂದದ್ದು, ಅದನ್ನು ಎದುರಿಸುವವರು ದೇವರ ಕಟ್ಟಳೆಯನ್ನೇ ಎದುರಿಸಿದಂತೆ ಎಂಬುದು ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ತಿರುಳು. ಇಂಗ್ಲೆಂಡಿನ ಅರಸ ಬರೀ ಅರಸನಾಗಿರಲಿಲ್ಲ. ಅಲ್ಲಿನ ಚರ್ಚಿನ ಮುಖ್ಯಸ್ಥನೂ ಅವನೇ. ಆಂಗ್ಲಿಕನ್ ಪಾದ್ರಿಯಾಗುವವನು ಅವನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು, ಆರಾಧನೆಯಲ್ಲಿ ಅವನಿಗಾಗಿ ಪ್ರಾರ್ಥಿಸಬೇಕಿತ್ತು. ತೆರಿಗೆ ಹೆಚ್ಚಾಯಿತೆಂದು ಗೊಣಗುವುದು ಬೇರೆ, ದೇವರ ಮುಂದೆ ಕೊಟ್ಟ ಮಾತಿನಿಂದ ಬಿಡುಗಡೆ ಪಡೆಯುವುದು ಬೇರೆ. 1765ರಿಂದ 1776ರವರೆಗಿನ ಹನ್ನೊಂದು ವರ್ಷಗಳಲ್ಲಿ ಹದಿಮೂರು ವಸಾಹತುಗಳು ಮೊದಲನೆಯದರಿಂದ ಎರಡನೆಯದಕ್ಕೆ ದಾಟಿದವು. ದಾಟಲು ಬೇಕಾದ ವಾದ ಅದಕ್ಕೂ ಬಹಳ ಹಿಂದಿನಿಂದ ಅಲ್ಲಿನ ಚರ್ಚುಗಳಲ್ಲಿ ಸಿದ್ಧವಾಗುತ್ತ ಬಂದಿತ್ತು.

ಈ ವಸಾಹತುಗಳನ್ನು ಒಟ್ಟುಗೂಡಿಸಬಲ್ಲ ಒಂದು ಮತವಂತೂ ಇರಲಿಲ್ಲ. 1607ರಲ್ಲಿ ಆರಂಭವಾದ ವರ್ಜೀನಿಯಾ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿತ್ತು. 1630ರಲ್ಲಿ ಮ್ಯಾಸಚೂಸೆಟ್ಸಿಗೆ ಬಂದಿಳಿದ ಪ್ಯೂರಿಟನ್ನರು ಅದೇ ಚರ್ಚಿನ ಕಾಟ ತಾಳಲಾರದೆ ಹೊರಟವರು. ಮೇರಿಲ್ಯಾಂಡ್ ಕ್ಯಾಥೊಲಿಕರಿಗೆ ಆಸರೆಯಾಗಲೆಂದು, ಪೆನ್ಸಿಲ್ವೇನಿಯಾ ಕ್ವೇಕರರಿಗೆ ನೆಲೆಯಾಗಲೆಂದು ಹುಟ್ಟಿದವು. ಮ್ಯಾಸಚೂಸೆಟ್ಸ್ ಹೊರಗಟ್ಟಿದ ರಾಜರ್ ವಿಲಿಯಮ್ಸ್ 1636ರಲ್ಲಿ ರೋಡ್ ಐಲೆಂಡಿಗೆ ಬುನಾದಿ ಹಾಕಿದ. ತಾವೇ ಕಿರುಕುಳ ಉಂಡು ಬಂದವರೆಂಬ ನೆನಪು ಪ್ಯೂರಿಟನ್ನರನ್ನು ಮೆತ್ತಗೆ ಮಾಡಲಿಲ್ಲ. 1660ರಲ್ಲಿ ಬಾಸ್ಟನ್ನಿನಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಮಹಿಳೆಯನ್ನು ಅವರು ನೇಣಿಗೇರಿಸಿದರು. ರಾಜಕೀಯದಲ್ಲೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. 1754ರಲ್ಲಿ ಫ್ರೆಂಚರ ಭಯ ಹೆಚ್ಚಿದಾಗ ಏಳು ವಸಾಹತುಗಳ ಪ್ರತಿನಿಧಿಗಳು ಆಲ್ಬನಿಯಲ್ಲಿ ಸೇರಿ, ಬೆಂಜಮಿನ್ ಫ್ರಾಂಕ್ಲಿನ್ ಮುಂದಿಟ್ಟ ಒಕ್ಕೂಟದ ಯೋಜನೆಯನ್ನು ಒಪ್ಪಿದರು. ಊರಿಗೆ ಹಿಂದಿರುಗಿದ ಮೇಲೆ ಒಂದು ವಸಾಹತಿನ ಶಾಸನಸಭೆಯೂ ಅದನ್ನು ಅಂಗೀಕರಿಸಲಿಲ್ಲ.

ಇಷ್ಟೆಲ್ಲ ಒಡಕಿನ ನಡುವೆಯೂ ಉತ್ತರದ ವಸಾಹತುಗಳಲ್ಲಿ ಒಂದು ಪದ್ಧತಿ ಬೇರುಬಿಟ್ಟಿತ್ತು. ಅದು ಒಡಂಬಡಿಕೆ. ನ್ಯೂ ಇಂಗ್ಲೆಂಡಿನಲ್ಲಿ ಚರ್ಚ್ ಎಂದರೆ ಮೇಲಿನಿಂದ ನೇಮಕವಾಗಿ ಬಂದ ಸಂಸ್ಥೆಯಲ್ಲ. ಊರಿನ ಕೆಲವು ಭಕ್ತರು ದೇವರೊಂದಿಗೂ ತಮ್ಮತಮ್ಮೊಳಗೂ ಒಡಂಬಡಿಕೆ ಮಾಡಿಕೊಂಡು ಒಂದು ಸಭೆಯಾಗುತ್ತಿದ್ದರು, ತಮ್ಮ ಪಾದ್ರಿಯನ್ನು ತಾವೇ ಆರಿಸುತ್ತಿದ್ದರು, ಬೇಡವಾದರೆ ಬಿಡಿಸುತ್ತಿದ್ದರು. ಒಂದು ಸಭೆಗೆ ಇನ್ನೊಂದರ ಮೇಲೆ ಅಧಿಕಾರವಿರಲಿಲ್ಲ. ಆದರೂ ಅವು ಪರಸ್ಪರ ಸಲಹೆ ಕೇಳುವ, ಒಬ್ಬರ ಸದಸ್ಯರನ್ನು ಇನ್ನೊಬ್ಬರು ತಮ್ಮ ಪಂಕ್ತಿಗೆ ಸೇರಿಸಿಕೊಳ್ಳುವ ಅನ್ಯೋನ್ಯತೆ ಇಟ್ಟುಕೊಂಡಿದ್ದವು. 1620ರಲ್ಲಿ ಪ್ಲಿಮತ್ತಿಗೆ ಬಂದ ಹಡಗಿನಲ್ಲಿಯೇ 41 ಗಂಡಸರು ಸಹಿ ಹಾಕಿದ ಕರಾರು ಇದೇ ಮಾದರಿಯನ್ನು ಊರಾಳ್ವಿಕೆಗೆ ಒಗ್ಗಿಸಿತ್ತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದೇವರೇ ಇಸ್ರಾಯೇಲ್ಯರೊಂದಿಗೆ ಷರತ್ತು ಹಾಕಿ ಮಾತು ಕೊಡುತ್ತಾನೆ. ದೇವರ ಮಾತಿಗೇ ಷರತ್ತು ಇರುವಾಗ ಅರಸನ ಅಧಿಕಾರಕ್ಕೆ ಇಲ್ಲದಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಆ ಸಭೆಗಳಲ್ಲಿ ಬೆಳೆದವರಿಗೆ ಅಸಹಜವಾಗಿ ಕಾಣುತ್ತಿರಲಿಲ್ಲ.

ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವನು ಜೊನಾಥನ್ ಮೇಹ್ಯೂ. ಬಾಸ್ಟನ್ನಿನ ವೆಸ್ಟ್ ಚರ್ಚಿನ ಪಾದ್ರಿಯಾಗಿದ್ದ ಅವನಿಗೆ ಆಗ 29 ವರ್ಷ. ಪಾರ್ಲಿಮೆಂಟಿನವರು ಒಂದನೆಯ ಚಾರ್ಲ್ಸ್ ದೊರೆಯ ತಲೆ ತೆಗೆಸಿದ್ದು 1649ರ ಜನವರಿ 30ರಂದು. ಆಂಗ್ಲಿಕನ್ ಚರ್ಚು ಆ ದಿನ ಉಪವಾಸವಿದ್ದು ಅವನನ್ನು ಧರ್ಮಕ್ಕಾಗಿ ಸತ್ತವನೆಂದು ಸ್ಮರಿಸುತ್ತಿತ್ತು. 1750ರಲ್ಲಿ ಅದೇ ಸಂದರ್ಭಕ್ಕೆ ಮೇಹ್ಯೂ ಪ್ರಸಂಗ ಮಾಡಲು ಆರಿಸಿಕೊಂಡದ್ದು ವಿಧೇಯತೆಯ ಪಕ್ಷದವರ ಕೋಟೆಯಾಗಿದ್ದ ರೋಮಾ 13ನೆಯ ಅಧ್ಯಾಯವನ್ನೇ. ಪೌಲನು ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಸುಮ್ಮನೆ ಹೇಳಿ ಬಿಟ್ಟಿಲ್ಲ, ಕಾರಣವನ್ನೂ ಕೊಟ್ಟಿದ್ದಾನೆ ಎಂಬುದು ಅವನ ವಾದದ ಮೊದಲ ಹೆಜ್ಜೆ. ಅಧಿಕಾರಿ ಒಳ್ಳೆಯವರನ್ನು ಕಾಯುವವನು, ಕೆಟ್ಟವರಿಗೆ ಭಯ ಹುಟ್ಟಿಸುವವನು, ಆದ್ದರಿಂದ ದೇವರ ಸೇವಕ. ಹಾಗಿದ್ದರೆ ಒಳ್ಳೆಯವರನ್ನು ಹಿಂಡಿ ಕೆಟ್ಟವರನ್ನು ಪೋಷಿಸುವವನು ಪೌಲನು ಹೇಳಿದ ಅಧಿಕಾರಿಯೇ ಅಲ್ಲ. ಅವನಿಗೆ ಆ ವಾಕ್ಯದ ರಕ್ಷಣೆಯೂ ಇಲ್ಲ. ಅಂಥವನನ್ನು ಜನ ಎದುರಿಸುವುದು ಪಾಪವಲ್ಲ, ಎದುರಿಸದಿರುವುದೇ ಪಾಪ ಎಂಬಲ್ಲಿಗೆ ಮೇಹ್ಯೂ ಮುಟ್ಟಿದ. ಸಣ್ಣಪುಟ್ಟ ತಪ್ಪಿಗೆಲ್ಲ ದಂಗೆಯೇಳುವಂತಿಲ್ಲ ಎಂಬ ಎಚ್ಚರಿಕೆಯನ್ನೂ ಜೊತೆಗೇ ಇಟ್ಟ.

ಈ ವಾದದ ಜಾಣ್ಮೆ ಗಮನಿಸಬೇಕಾದದ್ದು. ಮೇಹ್ಯೂ ಧರ್ಮಗ್ರಂಥವನ್ನು ಬದಿಗೆ ಸರಿಸಲಿಲ್ಲ, ವಾಕ್ಯಕ್ಕೆ ಕೊಟ್ಟ ಕಾರಣವನ್ನೇ ವಾಕ್ಯದ ಎಲ್ಲೆಯಾಗಿ ಓದಿದ. ಇದರಿಂದ ಭಕ್ತನಾದವನು ತನ್ನ ಭಕ್ತಿ ಬಿಡದೆಯೇ ಅರಸನನ್ನು ಬಿಡಬಹುದಾಯಿತು. ಆ ಪ್ರಸಂಗ ಅಚ್ಚಾಗಿ ಎಲ್ಲೆಡೆ ಹರಡಿತು. ಜಾನ್ ಆ್ಯಡಮ್ಸ್ ಮುಪ್ಪಿನಲ್ಲಿ ಕ್ರಾಂತಿಯ ಕಾರಣಗಳನ್ನು ನೆನೆಯುವಾಗ, ಮಿತ್ರರು ಹೊಗಳಿ ಶತ್ರುಗಳು ತೆಗಳಿ ಎಲ್ಲರೂ ಓದಿದ ಪುಸ್ತಕವೆಂದು ಇದನ್ನು ಗುರುತಿಸಿದ. ವಾದದಲ್ಲಿ ಒಂದು ತೂತಂತೂ ಉಳಿದಿತ್ತು. ಅರಸ ದೇವರ ಸೇವಕನಾಗಿ ಉಳಿದಿದ್ದಾನೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಜನವೇ ಎಂದು ಮೇಹ್ಯೂ ಉತ್ತರಿಸಿದ. ಜನ ಎಂದರೆ ಯಾರು ಎಂಬುದು ಆಗ ಯಾರಿಗೂ ತೊಡಕಾಗಿ ಕಾಣಲಿಲ್ಲ.

ಇದೇ ಕಾಲದಲ್ಲಿ ವಸಾಹತುಗಳ ಗಡಿ ದಾಟಿ ಎಲ್ಲರಿಗೂ ಪರಿಚಿತನಾದವನು ಜಾರ್ಜ್ ವಿಟ್‌ಫೀಲ್ಡ್ ಎಂಬ ಇಂಗ್ಲಿಷ್ ಪ್ರಸಂಗಿ. 1739ರಿಂದ ಅವನು ಜಾರ್ಜಿಯಾದಿಂದ ನ್ಯೂ ಇಂಗ್ಲೆಂಡಿನವರೆಗೆ ಬಯಲಿನಲ್ಲಿ ನಿಂತು ಬೋಧಿಸಿದ. ಅವನ ದನಿ ಮುವ್ವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮುಟ್ಟಬಲ್ಲದೆಂದು ಫ್ರಾಂಕ್ಲಿನ್ ಫಿಲಡೆಲ್ಫಿಯಾದ ಬೀದಿಯಲ್ಲಿ ಹಿಂದೆ ಹಿಂದೆ ನಡೆದು ಲೆಕ್ಕಹಾಕಿದ. ಇಂಥ ಪ್ರಸಂಗಗಳಿಂದ ಎದ್ದ, ಮಹಾ ಜಾಗೃತಿ ಎಂದು ಹೆಸರಾದ ಭಕ್ತಿಯ ಅಲೆಯೇ ಕ್ರಾಂತಿಗೆ ತಾಯಿ ಎಂದು ಹೇಳುವವರಿದ್ದಾರೆ, ಅದು ಅತಿಯಾಯಿತು. ಮೇಹ್ಯೂ ಈ ಭಾವಾವೇಶವನ್ನು ಹಗುರವಾಗಿ ಕಂಡವನು. ಆದರೆ ಮನಪರಿವರ್ತನೆಯಾಗದ ಪಾದ್ರಿಯನ್ನು ಭಕ್ತರು ಬಿಟ್ಟುಹೋಗಬಹುದು ಎಂದು 1740ರಲ್ಲಿ ಗಿಲ್ಬರ್ಟ್ ಟೆನೆಂಟ್ ಬೋಧಿಸಿದ್ದು, ಅದನ್ನು ಕೇಳಿ ಸಭೆಗಳು ಒಡೆದದ್ದು ನಿಜ. ಮೇಲಿನವರನ್ನು ತೂಗಿ ನೋಡುವ ಅಭ್ಯಾಸ ಓದುಬರಹ ಬಲ್ಲವರನ್ನು ದಾಟಿ ಹೋಯಿತು.

ಅಮೆರಿಕದಲ್ಲಿ ಆಂಗ್ಲಿಕನ್ ಬಿಷಪ್ ಒಬ್ಬನೂ ಇರಲಿಲ್ಲ. ಪಾದ್ರಿಯ ದೀಕ್ಷೆ ಬೇಕಾದವರು ಲಂಡನ್ನಿಗೆ ಹಡಗು ಹತ್ತಬೇಕಿತ್ತು. 1760ರ ದಶಕದಲ್ಲಿ ಬಿಷಪ್ಪನನ್ನು ಕಳಿಸುವ ಮಾತು ಜೋರಾದಾಗ ಪ್ಯೂರಿಟನ್ ಮತ್ತು ಪ್ರೆಸ್ಬಿಟೀರಿಯನ್ ಸಭೆಗಳಿಗೆ ಅದು ಪಾದ್ರಿಯೊಬ್ಬನ ನೇಮಕದಂತೆ ಕಾಣಲಿಲ್ಲ. ಬಿಷಪ್ಪನ ಹಿಂದೆಯೇ ಅವನ ನ್ಯಾಯಾಲಯ, ಅವನ ಚರ್ಚಿಗೆ ತೆರಿಗೆ ಎಲ್ಲವೂ ಬರುತ್ತವೆಂದು ಅವರು ಹೆದರಿದರು. ಆ ಕಾಲದ ಒಂದು ವ್ಯಂಗ್ಯಚಿತ್ರದಲ್ಲಿ ದಡದ ಮೇಲಿನ ಜನ ಬಿಷಪ್ಪನ ಹಡಗನ್ನು ಹಿಂದಕ್ಕೆ ತಳ್ಳುತ್ತ ಅವನ ತಲೆಗೆ ಕ್ಯಾಲ್ವಿನನ ಗ್ರಂಥವನ್ನು ಎಸೆಯುತ್ತಾರೆ. ಪಕ್ಕದವನ ಕೈಯಲ್ಲಿ ಜಾನ್ ಲಾಕ್‌ನ ಪುಸ್ತಕವಿದೆ. ಧರ್ಮಶಾಸ್ತ್ರವೂ ತತ್ತ್ವಶಾಸ್ತ್ರವೂ ಒಂದೇ ಗುರಿಗೆ ಎಸೆಯುವ ಕಲ್ಲುಗಳಾಗಿದ್ದವು.

ಸ್ಟ್ಯಾಂಪ್ ಕಾಯ್ದೆ 1765ರಲ್ಲಿ ಬಂತು. ಒಪ್ಪಂದಪತ್ರ, ವೃತ್ತಪತ್ರಿಕೆ, ಇಸ್ಪೀಟೆಲೆಗಳಿಗೆಲ್ಲ ಸ್ಟ್ಯಾಂಪಿನ ತೆರಿಗೆ. ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. 1766ರ ಮಾರ್ಚಿನಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನು ಹಿಂತೆಗೆಯಿತು. ಹಿಂತೆಗೆಯುವಾಗಲೇ, ವಸಾಹತುಗಳನ್ನು ಎಲ್ಲ ವಿಷಯದಲ್ಲೂ ಕಟ್ಟುಪಡಿಸುವ ಹಕ್ಕು ತನಗಿದೆ ಎಂದು ಇನ್ನೊಂದು ಕಾಯ್ದೆ ಮಾಡಿತು. ತೆರಿಗೆ ಹೋಯಿತು, ಪ್ರಶ್ನೆ ಉಳಿಯಿತು. ಆ ಜೂನ್ ತಿಂಗಳಲ್ಲಿ ಮೇಹ್ಯೂ ತನ್ನ ಊರಿನ ಮುಂದಾಳು ಜೇಮ್ಸ್ ಓಟಿಸ್‌ಗೆ ಒಂದು ಪತ್ರ ಬರೆದ. ಭಾನುವಾರ ಬೆಳಗ್ಗೆ ಸಭೆಗಳ ನಡುವಿನ ಅನ್ಯೋನ್ಯತೆಯ ವಿಷಯ ಯೋಚಿಸುತ್ತಿದ್ದಾಗ, ವಸಾಹತುಗಳ ನಡುವೆಯೂ ಅಂಥದೇ ಅನ್ಯೋನ್ಯತೆ ಯಾಕಿರಬಾರದು ಎಂದು ಹೊಳೆಯಿತೆಂಬುದು ಅದರ ಸಾರ. ಮರುತಿಂಗಳು ಅವನು ತೀರಿಕೊಂಡ. 1772ರಲ್ಲಿ ಸ್ಯಾಮ್ಯುಯೆಲ್ ಆ್ಯಡಮ್ಸ್ ಬಾಸ್ಟನ್ನಿನಲ್ಲಿ ಪತ್ರವ್ಯವಹಾರ ಸಮಿತಿಯನ್ನು ಹುಟ್ಟುಹಾಕಿ, ಊರೂರುಗಳಲ್ಲಿ ಅಂಥ ಸಮಿತಿಗಳು ಎದ್ದಾಗ ಕಾಣಿಸಿದ್ದು ಇದೇ ಬಗೆಯ ಏಕತೆ. ಯಾರೂ ಯಾರಿಗೂ ಅಧೀನರಲ್ಲ, ಆದರೆ ಒಬ್ಬರಿಗಾದದ್ದು ಎಲ್ಲರಿಗೂ ತಿಳಿಯಬೇಕು. ಆಲ್ಬನಿಯ ಯೋಜನೆ ಒಬ್ಬ ಮಹಾಧ್ಯಕ್ಷನನ್ನು ಮೇಲೆ ಕೂರಿಸಲು ಹೊರಟು ಸೋತಿತ್ತು. ಈ ಏಕತೆ ಗೆದ್ದದ್ದು ಮೇಲೆ ಯಾರನ್ನೂ ಕೂರಿಸದಿದ್ದುದರಿಂದ.

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಚಹಾದ ತೆರಿಗೆಯನ್ನು ಪ್ರತಿಭಟಿಸಿದವರಿಂದ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಪ್ರತಿಯಾಗಿ ಲಂಡನ್ನಿನ ಸರ್ಕಾರ ಆ ಬಂದರನ್ನೇ ಮುಚ್ಚಿಸಿತು. ವರ್ಜೀನಿಯಾದಲ್ಲಿ ಥಾಮಸ್ ಜೆಫರ್ಸನ್ ಮತ್ತು ಗೆಳೆಯರು ಹಳೆಯ ಪ್ಯೂರಿಟನ್ ಕಡತಗಳನ್ನು ಕೆದಕಿ ಮಾದರಿ ಹುಡುಕಿ, ಬಂದರು ಮುಚ್ಚುವ ದಿನವಾದ 1774ರ ಜೂನ್ 1ನ್ನು ಉಪವಾಸ ಮತ್ತು ಪ್ರಾರ್ಥನೆಯ ದಿನವೆಂದು ಶಾಸನಸಭೆಯಲ್ಲಿ ಗೊತ್ತುಮಾಡಿಸಿದರು. ರಾಜ್ಯಪಾಲ ಡನ್‌ಮೋರ್ ಸಭೆಯನ್ನೇ ವಿಸರ್ಜಿಸಿದ. ದೈವಭಕ್ತಿಯಲ್ಲಿ ಅಷ್ಟೇನೂ ಹೆಸರು ಮಾಡದ ಜೆಫರ್ಸನ್ ಉಪವಾಸದ ಬಲವನ್ನು ಚೆನ್ನಾಗಿ ಅರಿತಿದ್ದ.

ಆ ಸೆಪ್ಟೆಂಬರಿನಲ್ಲಿ ಜಾರ್ಜಿಯಾ ಬಿಟ್ಟು ಉಳಿದ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದ ಕಾರ್ಪೆಂಟರ್ಸ್ ಹಾಲಿನಲ್ಲಿ ಕಾಂಗ್ರೆಸ್ ಎಂಬ ಹೆಸರಿನಲ್ಲಿ ಸೇರಿದರು. ಕಲಾಪವನ್ನು ಪ್ರಾರ್ಥನೆಯಿಂದ ಆರಂಭಿಸಬೇಕೆಂಬ ಸಲಹೆ ಬಂದೊಡನೆ ಜಾನ್ ಜೇ ಮತ್ತು ರಟ್ಲೆಜ್ ಅಡ್ಡಿ ಹೇಳಿದರು. ಆಂಗ್ಲಿಕನ್ನರು, ಕ್ವೇಕರರು, ಪ್ರೆಸ್ಬಿಟೀರಿಯನ್ನರು, ಪ್ಯೂರಿಟನ್ ಸಭೆಗಳವರು ಒಂದೇ ಪ್ರಾರ್ಥನೆಗೆ ತಲೆಬಾಗುವುದು ಹೇಗೆ? ಪ್ಯೂರಿಟನ್ನರಲ್ಲೇ ಕಟ್ಟಾ ಎನಿಸಿದ್ದ ಸ್ಯಾಮ್ಯುಯೆಲ್ ಆ್ಯಡಮ್ಸ್ ಎದ್ದು, ತಾನು ಮತಾಂಧನಲ್ಲ, ಸದ್ಗುಣಿಯೂ ದೇಶಮಿತ್ರನೂ ಆದ ಯಾರ ಪ್ರಾರ್ಥನೆಯನ್ನಾದರೂ ಕೇಳಬಲ್ಲೆ ಎಂದು ಹೇಳಿ ಆಂಗ್ಲಿಕನ್ ಪಾದ್ರಿ ಜೇಕಬ್ ಡೂಶೇಯ ಹೆಸರನ್ನು ಸೂಚಿಸಿದ. ಮರುದಿನ, ಬಾಸ್ಟನ್ನಿನ ಮೇಲೆ ಫಿರಂಗಿ ಹಾರಿತೆಂಬ ಸುಳ್ಳುಸುದ್ದಿ ಊರೆಲ್ಲ ಹಬ್ಬಿದ್ದಾಗ, ಡೂಶೇ ಶತ್ರುಗಳಿಂದ ಕಾಪಾಡೆಂದು ಮೊರೆಯಿಡುವ 35ನೆಯ ಕೀರ್ತನೆಯನ್ನು ಓದಿದ. ಅದು ಆ ದಿನಕ್ಕೆ ಪ್ರಾರ್ಥನಾ ಪುಸ್ತಕವೇ ಗೊತ್ತುಮಾಡಿದ್ದ ಪಾಠ. ಮತಗಳ ನಡುವಿನ ಗೋಡೆ ಬಿದ್ದದ್ದು ತತ್ತ್ವದ ಒಪ್ಪಂದದಿಂದಲ್ಲ. ಯಾರ ಕೈಯಿಂದ ಪೆಟ್ಟು ಬರುತ್ತದೆಂಬುದರಲ್ಲಿ ಒಮ್ಮತ ಮೂಡಿದ್ದರಿಂದ. ಡೂಶೇಯ ಮುಂದಿನ ಕಥೆಯೂ ಹೇಳತಕ್ಕದ್ದೇ. 1777ರಲ್ಲಿ ಬ್ರಿಟಿಷರು ಫಿಲಡೆಲ್ಫಿಯಾವನ್ನು ಹಿಡಿದಾಗ ಅವನು ಮನಸ್ಸು ಬದಲಿಸಿ, ಸ್ವಾತಂತ್ರ್ಯದ ಹಟ ಬಿಡಿಸೆಂದು ಕ್ರಾಂತಿಯ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಪತ್ರ ಬರೆದ.

ಇನ್ನೊಂದು ಪಕ್ಷದ ವಾದವೂ ಹಗುರವಾದದ್ದಲ್ಲ. ಮೇರಿಲ್ಯಾಂಡಿನ ಆಂಗ್ಲಿಕನ್ ಪಾದ್ರಿ ಜೊನಾಥನ್ ಬೌಷರ್ ಪಕ್ಕದಲ್ಲಿ ಪಿಸ್ತೂಲು ಇಟ್ಟುಕೊಂಡು ಪ್ರಸಂಗ ಮಾಡಬೇಕಾದ ಸ್ಥಿತಿಗೆ ಬಂದು 1775ರಲ್ಲಿ ಇಂಗ್ಲೆಂಡಿಗೆ ಹೊರಟುಹೋದ. ಸರ್ಕಾರ ಜನರ ಒಪ್ಪಿಗೆಯಿಂದ ಹುಟ್ಟಿದ್ದಾದರೆ ಒಪ್ಪಿಗೆ ಹಿಂತೆಗೆದಾಗಲೆಲ್ಲ ಅದು ಸಾಯಬೇಕು, ಬಹುಮತದ ಒಪ್ಪಿಗೆ ಒಪ್ಪದವನನ್ನು ಕಟ್ಟಲಾರದು, ಹಾಗಾದಲ್ಲಿ ಯಾವ ಆಡಳಿತವೂ ನಿಲ್ಲದು ಎಂಬುದು ಅವನ ತರ್ಕ. ಮೇಹ್ಯೂ ಬಿಟ್ಟಿದ್ದ ತೂತಿನಲ್ಲೇ ಈ ಬಾಣ ನೆಟ್ಟಿತ್ತು. ಕ್ವೇಕರರದು ಮತ್ತೊಂದು ದಾರಿ. ಅವರಿಗೆ ಅರಸನಿಗಾಗಿಯೂ ಹೋರಾಡುವಂತಿಲ್ಲ, ಅರಸನ ವಿರುದ್ಧವೂ ಹೋರಾಡುವಂತಿಲ್ಲ. ಆಯುಧ ಹಿಡಿದ ತಮ್ಮವರನ್ನು ಅವರು ಸಂಘದಿಂದ ಹೊರಹಾಕಿದರು. 1777ರಲ್ಲಿ, ಬಹುಪಾಲು ಕ್ವೇಕರರೇ ಇದ್ದ ಸುಮಾರು ಇಪ್ಪತ್ತು ಮಂದಿಯನ್ನು ಫಿಲಡೆಲ್ಫಿಯಾದಿಂದ ವಿಚಾರಣೆಯಿಲ್ಲದೆ ವರ್ಜೀನಿಯಾಕ್ಕೆ ಗಡೀಪಾರು ಮಾಡಲಾಯಿತು. ಅಂತಃಕರಣದ ಹೆಸರಿನಲ್ಲಿ ಎದ್ದ ಚಳವಳಿ ಬೇರೆಯವರ ಅಂತಃಕರಣಕ್ಕೆ ಕೊಟ್ಟ ಬೆಲೆ ಅಷ್ಟು.

1775ರ ಬೇಸಿಗೆಯವರೆಗೂ ಕಾಂಗ್ರೆಸ್ಸಿನ ಜಗಳ ಪಾರ್ಲಿಮೆಂಟಿನೊಂದಿಗೆ, ಅರಸನೊಂದಿಗಲ್ಲ. ಜುಲೈಯಲ್ಲಿ ಅರಸನಿಗೆ ಶಾಂತಿಯ ಮನವಿ ಹೋಯಿತು. ಆಗಸ್ಟಿನಲ್ಲಿ ಮೂರನೆಯ ಜಾರ್ಜ್ ಅವರನ್ನು ದಂಗೆಕೋರರೆಂದು ಸಾರಿದ. ಉಳಿದ ಎಳೆಯನ್ನು ಕಡಿದವನು ಥಾಮಸ್ ಪೇನ್. 1776ರ ಜನವರಿಯಲ್ಲಿ ಅಚ್ಚಾದ ಅವನ ಕಿರುಹೊತ್ತಗೆ ಅರಸೊತ್ತಿಗೆಯನ್ನು ಬೈಬಲಿನಿಂದಲೇ ಹೊಡೆಯಿತು. ಗಿದ್ಯೋನನು ಪಟ್ಟವನ್ನು ನಿರಾಕರಿಸಿದ್ದು, ಇಸ್ರಾಯೇಲ್ಯರು ಅರಸ ಬೇಕೆಂದು ಹಟಹಿಡಿದಾಗ ಸಮುವೇಲನು ಎಚ್ಚರಿಸಿದ್ದು, ಇವೆರಡರಿಂದ ಅರಸೊತ್ತಿಗೆಯೇ ದೇವರಿಗೆ ಒಪ್ಪಿಗೆಯಾಗದ ವ್ಯವಸ್ಥೆ ಎಂದು ಅವನು ತೋರಿಸಿದ. ಹಳೆಯ ಒಡಂಬಡಿಕೆಯಿಂದ ಎತ್ತಿದ ಆ ವಾದ ಹಾಸ್ಯಾಸ್ಪದವೆಂದು ಜಾನ್ ಆ್ಯಡಮ್ಸ್ ಅವನೆದುರಿಗೇ ಹೇಳಿದಾಗ ಪೇನ್ ನಕ್ಕುಬಿಟ್ಟನಂತೆ. ಆ ಗ್ರಂಥದ ಮೇಲೆ ಅವನಿಗೂ ಗೌರವವಿರಲಿಲ್ಲ. ಮೇಹ್ಯೂ ನಂಬಿ ಹೇಳಿದ್ದನ್ನು ಪೇನ್ ನಂಬದೆ ಹೇಳಿದ, ಪರಿಣಾಮ ಪೇನನ ಮಾತಿಗೇ ಹೆಚ್ಚು. ಭಕ್ತರಿಗೂ ಬುದ್ಧಿವಾದಿಗಳಿಗೂ ನಡುವೆ ಸೇತುವೆಯಾದವನು ಲಾಕ್. ಭೂಮಿಯ ಮೇಲೆ ನ್ಯಾಯ ಹೇಳುವವರಿಲ್ಲದಾಗ ಜನ ಸ್ವರ್ಗಕ್ಕೇ ಮೇಲ್ಮನವಿ ಸಲ್ಲಿಸಬಹುದೆಂದು ಬೈಬಲಿನ ಯೆಪ್ತಾಹನ ಕಥೆಯನ್ನಿಟ್ಟುಕೊಂಡು ಅವನು ವಾದಿಸಿದ್ದ. ವಾಷಿಂಗ್ಟನ್ 1775ರಲ್ಲಿ ಸಜ್ಜುಗೊಳಿಸಿದ ಹಡಗುಗಳ ಬಾವುಟದಲ್ಲಿ ಪೈನ್ ಮರದ ಜೊತೆ ಆ ಮೇಲ್ಮನವಿಯ ಮಾತೇ ಇತ್ತು.

ಸ್ವಾತಂತ್ರ್ಯದ ಘೋಷಣೆಯಲ್ಲಿ ದೇವರು ನಾಲ್ಕು ಬಾರಿ ಬರುತ್ತಾನೆ, ನಾಲ್ಕೂ ಬಾರಿ ಯಾವ ಪಂಗಡಕ್ಕೂ ಸೇರದ ಹೆಸರಿನಲ್ಲಿ. ಪ್ರಕೃತಿಯ ದೇವರು, ಸೃಷ್ಟಿಕರ್ತ ಎಂಬವು ಕರಡಿನ ಹಂತದಲ್ಲಿ ಬಂದವು. ಲೋಕದ ಪರಮ ನ್ಯಾಯಾಧೀಶ ಮತ್ತು ದೈವೀ ರಕ್ಷಣೆ ಎಂಬವನ್ನು ಕಾಂಗ್ರೆಸ್ ಸೇರಿಸಿತು. ಕ್ರಿಸ್ತನ ಹೆಸರಿಲ್ಲ. ಅದು ಜಾಣತನದ ರಾಜಿ ಮಾತ್ರವಾಗಿರಲಿಲ್ಲ. ಪ್ರಮಾಣ ಮುರಿಯುತ್ತಿದ್ದವರಿಗೆ ತಮ್ಮ ಮನಸ್ಸು ಶುದ್ಧವೆಂದು ಹೇಳಿಕೊಳ್ಳಲು ಅರಸನಿಗಿಂತ ಮೇಲಿನ ಒಬ್ಬ ನ್ಯಾಯಾಧೀಶ ಬೇಕೇ ಬೇಕಿತ್ತು. ಘೋಷಣೆ ಅಂಗೀಕಾರವಾದ 1776ರ ಜುಲೈ 4ರಂದೇ ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚಿನ ಆಡಳಿತ ಮಂಡಳಿ ಸೇರಿ ಆರಾಧನೆಯಿಂದ ಅರಸನ ಪ್ರಾರ್ಥನೆಯನ್ನು ಕೈಬಿಟ್ಟಿತು. ಬೇರೆಡೆ ಎಷ್ಟೋ ಆಂಗ್ಲಿಕನ್ ಪಾದ್ರಿಗಳು ಅದನ್ನು ಬಿಟ್ಟು ಆರಾಧನೆ ನಡೆಸಲಾರದೆ ಚರ್ಚಿಗೆ ಬೀಗ ಹಾಕಿದರು.

ಯುದ್ಧ ಹಳೆಯ ದ್ವೇಷಗಳನ್ನೂ ಕದಲಿಸಿತು. ಕ್ವಿಬೆಕ್ಕಿನ ಕ್ಯಾಥೊಲಿಕರಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟ 1774ರ ಕಾಯ್ದೆ ವಸಾಹತುಗಳನ್ನು ಕೆರಳಿಸಿತ್ತು. ಮರುವರ್ಷವೇ ವಾಷಿಂಗ್ಟನ್ ತನ್ನ ಸೈನಿಕರು ನವೆಂಬರ್ 5ರಂದು ಪೋಪನ ಪ್ರತಿಕೃತಿ ಸುಡುವುದನ್ನು ನಿಷೇಧಿಸಿದ, ಕೆನಡಾದವರನ್ನು ಒಲಿಸಿಕೊಳ್ಳಬೇಕಿತ್ತು. 1778ರಲ್ಲಿ ಕ್ಯಾಥೊಲಿಕ್ ಫ್ರಾನ್ಸಿನೊಂದಿಗೇ ಮೈತ್ರಿಯಾಯಿತು. ಶತ್ರುವಿನ ಶತ್ರುವನ್ನು ಇನ್ನೂ ದೂರದಲ್ಲೂ ಕಂಡುಕೊಂಡರು. ಪೆನ್ಸಿಲ್ವೇನಿಯಾ ಸಜ್ಜುಗೊಳಿಸಿದ ಒಂದು ಯುದ್ಧನೌಕೆಗೆ ಮೈಸೂರಿನ ಹೈದರ್ ಅಲಿಯ ಹೆಸರಿಡಲಾಗಿತ್ತು. ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಜನರಲ್ ಮಾಂಕ್ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆ ಹೊತ್ತಿಗೆ ಹೈದರ್ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಎರಡನೆಯ ಯುದ್ಧದಲ್ಲಿದ್ದ.

ಜನ ಎಂದರೆ ಯಾರು ಎಂಬ ಪ್ರಶ್ನೆ ಈ ನಡುವೆ ತಲೆಯೆತ್ತಿತು. ಮೊದಲು ಕೇಳಿದವರಲ್ಲಿ ಬ್ಯಾಪ್ಟಿಸ್ಟರಿದ್ದರು. 1774ರ ಅಕ್ಟೋಬರಿನಲ್ಲಿ ಐಸಾಕ್ ಬ್ಯಾಕಸ್ ಫಿಲಡೆಲ್ಫಿಯಾಕ್ಕೆ ಹೋಗಿ, ತಾವು ಸೇರದ ಚರ್ಚಿಗೆ ತಮ್ಮಿಂದ ತೆರಿಗೆ ವಸೂಲು ಮಾಡುವುದು ಯಾವ ನ್ಯಾಯವೆಂದು ಮ್ಯಾಸಚೂಸೆಟ್ಸಿನ ಪ್ರತಿನಿಧಿಗಳನ್ನು ಕೇಳಿದ. ಸೌರಮಂಡಲ ಬದಲಾದರೂ ಆದೀತು, ಆ ಪದ್ಧತಿ ಬದಲಾಗದು ಎಂಬರ್ಥದ ಉತ್ತರ ಜಾನ್ ಆ್ಯಡಮ್ಸ್‌ನಿಂದ ಬಂತೆಂದು ಬ್ಯಾಕಸ್ ದಾಖಲಿಸಿದ್ದಾನೆ. ವರ್ಜೀನಿಯಾ 1786ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಶಾಸನ ತಂದಿತು. ಮ್ಯಾಸಚೂಸೆಟ್ಸ್ ಚರ್ಚಿನ ತೆರಿಗೆಯನ್ನು ಬಿಟ್ಟದ್ದು 1833ರಲ್ಲಿ.

ಗುಲಾಮರ ಪ್ರಶ್ನೆ ಇದಕ್ಕಿಂತ ಆಳವಾದದ್ದು. 1776ರ ಸುಮಾರು 25 ಲಕ್ಷ ಜನರಲ್ಲಿ 5 ಲಕ್ಷದಷ್ಟು ಮಂದಿ ಗುಲಾಮರು. ಮ್ಯಾಸಚೂಸೆಟ್ಸಿನ ಗುಲಾಮರು 1773ರಿಂದಲೇ ಸರ್ಕಾರಕ್ಕೆ ಅರ್ಜಿ ಸಲ್ಲಿಸುತ್ತಿದ್ದರು. 1775ರ ನವೆಂಬರಿನಲ್ಲಿ ಡನ್‌ಮೋರ್, ದಂಗೆಕೋರ ಒಡೆಯರನ್ನು ಬಿಟ್ಟು ಬಂದು ಅರಸನ ಪರವಾಗಿ ಹೋರಾಡುವ ಗುಲಾಮರಿಗೆ ಬಿಡುಗಡೆ ಸಾರಿದ. ಹಾಗೆ ಹೋದವರಿಗೆ ಸ್ವಾತಂತ್ರ್ಯವಿದ್ದದ್ದು ಅರಸನ ಕಡೆಯಲ್ಲೇ. ನ್ಯೂಪೋರ್ಟಿನ ಪಾದ್ರಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ 1776ರಲ್ಲಿ ಗುಲಾಮಗಿರಿಯ ವಿರುದ್ಧ ಬರೆದ ಸಂವಾದವನ್ನು ಕಾಂಗ್ರೆಸ್ಸಿಗೇ ಅರ್ಪಿಸಿದ. ಕ್ರಾಂತಿಯ ಸೈನ್ಯದಲ್ಲಿ ದುಡಿದ, ಆಫ್ರಿಕನ್ ಮೂಲದ ಲೆಮ್ಯುಯೆಲ್ ಹೇಯ್ನ್ಸ್ ಅದೇ ವರ್ಷ, ಸ್ವಾತಂತ್ರ್ಯ ದೇವರು ಕೊಟ್ಟದ್ದಾದರೆ ಅದು ಕರಿಯರಿಗೂ ಸೇರಿದ್ದೆಂಬ ಪ್ರಬಂಧ ಬರೆದ. ಅದು ಅಚ್ಚಾದದ್ದು 1983ರಲ್ಲಿ. ಘೋಷಣೆಯ ಕರಡಿನಲ್ಲಿ ಜೆಫರ್ಸನ್ ಗುಲಾಮ ವ್ಯಾಪಾರದ ಪಾಪವನ್ನು ಅರಸನ ತಲೆಗೆ ಕಟ್ಟಿದ್ದ ಭಾಗವನ್ನು ಕಾಂಗ್ರೆಸ್ ಹೊಡೆದುಹಾಕಿತು. ದಕ್ಷಿಣದ ವಸಾಹತುಗಳನ್ನು ಬಿಟ್ಟು ಏಕತೆ ಇರಲಿಲ್ಲ. ಅವನ್ನು ಸೇರಿಸಿಕೊಂಡ ಏಕತೆಗೆ ಈ ಪ್ರಶ್ನೆಯನ್ನು ಎತ್ತುವ ಧೈರ್ಯವಿರಲಿಲ್ಲ. ದಾಸ್ಯದಲ್ಲಿಟ್ಟುಕೊಳ್ಳುವುದನ್ನು ತಮ್ಮ ಸದಸ್ಯರಿಗೆ ನಿಷೇಧಿಸಿ 1776ರಲ್ಲೇ ಮಾತಿಗೆ ತಕ್ಕಂತೆ ನಡೆದವರು ಫಿಲಡೆಲ್ಫಿಯಾದ ಕ್ವೇಕರರು.

ಯುದ್ಧ 1783ರ ಪ್ಯಾರಿಸ್ ಒಪ್ಪಂದದಿಂದ ಮುಗಿದಾಗ ಪ್ರಮಾಣದ ತೊಡಕು ಬೇರೆ ರೂಪದಲ್ಲಿ ಉಳಿದಿತ್ತು. ಕನೆಕ್ಟಿಕಟ್ಟಿನ ಸ್ಯಾಮ್ಯುಯೆಲ್ ಸೀಬರಿ ಬಿಷಪ್ ದೀಕ್ಷೆಗೆ ಲಂಡನ್ನಿಗೆ ಹೋದರೆ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡದೆ ದೀಕ್ಷೆ ಕೊಡುವಂತಿರಲಿಲ್ಲ. ಅವನು ಸ್ಕಾಟ್ಲೆಂಡಿಗೆ ಹೋಗಿ, ಇಂಗ್ಲೆಂಡಿನ ಅರಸನಿಗೆ ತಾವೂ ಪ್ರಮಾಣ ಮಾಡದ ಬಿಷಪ್ಪರಿಂದ 1784ರಲ್ಲಿ ಆಬರ್ಡೀನಿನಲ್ಲಿ ದೀಕ್ಷೆ ಪಡೆದ. ಎರಡು ವರ್ಷಗಳ ಬಳಿಕ ಪಾರ್ಲಿಮೆಂಟು ವಿದೇಶದ ಬಿಷಪ್ಪರಿಗೆ ಆ ಪ್ರಮಾಣವನ್ನು ಮಾಫಿ ಮಾಡಿತು. ಹೊಸ ದೇಶದ 1787ರ ಸಂವಿಧಾನದ 6ನೆಯ ವಿಧಿಯಂತೆ ಅಧಿಕಾರಕ್ಕೆ ಬರುವವರು ನಿಷ್ಠೆ ಹೇಳಬೇಕಾದದ್ದು ಯಾವ ವ್ಯಕ್ತಿಗೂ ಅಲ್ಲ, ಆ ಸಂವಿಧಾನಕ್ಕೆ. ಆಣೆ ಇಡದ ಕ್ವೇಕರರಂಥವರು ಬರೀ ದೃಢೀಕರಿಸಿದರೆ ಸಾಕು, ಯಾವ ಹುದ್ದೆಗೂ ಮತದ ಪರೀಕ್ಷೆ ಇಲ್ಲ. ಅದೇ ಸಂವಿಧಾನದ 4ನೆಯ ವಿಧಿ ಓಡಿಹೋದ ಗುಲಾಮನನ್ನು ಒಡೆಯನಿಗೆ ಒಪ್ಪಿಸಬೇಕೆಂದು ವಿಧಿಸಿತ್ತು. ಗುಲಾಮಗಿರಿಯನ್ನು ತೆಗೆದ 1865ರ 13ನೆಯ ತಿದ್ದುಪಡಿಯವರೆಗೆ ಅಧ್ಯಕ್ಷರೂ ನ್ಯಾಯಾಧೀಶರೂ ನಿಷ್ಠೆಯ ಪ್ರಮಾಣ ಮಾಡಿದ್ದು ಈ ಎರಡೂ ವಿಧಿಗಳಿಗೆ.